ನಿಂಬೆಯ ಪರಿಮಳವೂ ಬಸಿರಿನ ವಾಕರಿಕೆಯೂ

ಮೂಡಿಗೆರೆಯಿಂದ ಕೊಟ್ಟಿಗೆಹಾರ, ಕಳಸದ ಮೂಲಕ ಹೊರನಾಡಿಗೆ ಹೋಗುವ ಬಸ್ಸುಗಳಲ್ಲಿ ನಿಂಬೆಹಣ್ಣು ಮೂಸುತ್ತಾ ಕುಳಿತವರನ್ನು ನೀವು ನೋಡಿರಬಹುದು. ತಿರುವುಗಳಲ್ಲಿ ಹೊಟ್ಟೆ ತೊಳಸದಿರಲೆಂದು ಮಾಡುವ ಈ ಉಪಾಯವನ್ನೇ ಗರ್ಭಿಣಿಯರು ವಾಕರಿಕೆಗೂ ಬಳಸುವುದುಂಟು. ಇದೇ ಇಂದು ಪುಟ್ಟ ಸೀಸೆಗಳಲ್ಲಿ ಸುಗಂಧ ತೈಲವಾಗಿ, 'ಅರೋಮಾಥೆರಪಿ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಗಾಟ್‌ಫೊಸ್ಸೆ 1937ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಹೆಸರು ಬಳಕೆಗೆ ಬಂತು. ಇದರಲ್ಲಿ ಹುರುಳೆಷ್ಟು?

'ತೈಲದ ಕಂಪನ', 'ಸಸ್ಯದ ಶಕ್ತಿ' ಎಂಬ ಮಾತುಗಳನ್ನು ಮೊದಲು ಬದಿಗಿಡೋಣ. ಭೌತವಿಜ್ಞಾನದಲ್ಲಿ ಕಂಪನವನ್ನೂ ಶಕ್ತಿಯನ್ನೂ ಅಳೆಯಬಹುದು. ಜಾಹೀರಾತಿನ ಕಂಪನಕ್ಕೆ ಏಕಮಾನವೇ ಇಲ್ಲ. ನಿಂಬೆ, ಕಿತ್ತಳೆಗಳ ಸಿಪ್ಪೆಯಲ್ಲಿರುವ ಲಿಮೊನೀನ್‌ನ ಕುದಿಬಿಂದು ಸುಮಾರು 176 ಡಿಗ್ರಿ ಸೆಲ್ಸಿಯಸ್. ಆದರೂ ಕೋಣೆಯ ಉಷ್ಣತೆಯಲ್ಲೇ ಅದರ ಅಣುಗಳು ಆವಿಯಾಗಿ, ಗಾಳಿಯಲ್ಲಿ ವಿಸರಣಗೊಂಡು ಮೂಗಿನ ಗ್ರಾಹಕಗಳನ್ನು ತಲಪುತ್ತವೆ. ವಾಸನೆ ಎಂದರೆ ಇಷ್ಟೇ.

ಬಸ್ಸಿನ ವಾಕರಿಕೆಗೂ ಬಸಿರಿನ ವಾಕರಿಕೆಗೂ ಕಾರಣ ಬೇರೆ. ಬಸ್ಸಿನಲ್ಲಿ ಕಣ್ಣು ಕೊಡುವ ಸುದ್ದಿಗೂ ಒಳಕಿವಿ ಕೊಡುವ ಸುದ್ದಿಗೂ ತಾಳೆಯಾಗುವುದಿಲ್ಲ. ಬಸಿರಿನಲ್ಲಿ, ಮುಖ್ಯವಾಗಿ ಜರಾಯುವಿನಿಂದ ಬರುವ ಜಿಡಿಎಫ್15 ಎಂಬ ಹಾರ್ಮೋನು ಮಿದುಳಿನ ಮೇಲೆ ವರ್ತಿಸುತ್ತದೆ. ಇದರ ಪಾತ್ರಕ್ಕೆ 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ಬಲವಾದ ಪುರಾವೆ ಒದಗಿಸಿತು. ಆದ್ದರಿಂದ ಬಸ್ಸಿನ ಅನುಭವವನ್ನು ಬಸಿರಿಗೆ ಹಾಗೆಯೇ ಅನ್ವಯಿಸಲಾಗದು. ಬೇರೆಯೇ ಪ್ರಯೋಗ ಬೇಕು.

ಅಂಥ ಪ್ರಯೋಗಗಳು ನಡೆದಿವೆ. ಇರಾನಿನಲ್ಲಿ 100 ಗರ್ಭಿಣಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿಂಬೆ ತೈಲ ಮೂಸಿದವರಿಗೆ ಬಾದಾಮಿ ಎಣ್ಣೆ ಮೂಸಿದವರಿಗಿಂತ ವಾಕರಿಕೆ ಕಡಿಮೆಯಾಯಿತು. ಅಲ್ಲಿಯದೇ 2012ರ ಇನ್ನೊಂದು ಪ್ರಯೋಗದಲ್ಲಿ ಪುದೀನ ತೈಲದಿಂದ ಗಮನಾರ್ಹ ಪ್ರಯೋಜನ ಕಾಣಲಿಲ್ಲ. ಹಲವು ಬಗೆಯ ಉಪಚಾರಗಳ ಕುರಿತ 41 ಪ್ರಯೋಗಗಳನ್ನು 2015ರಲ್ಲಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ, ಯಾವ ಉಪಚಾರಕ್ಕೂ ಗಟ್ಟಿಯಾದ ಪುರಾವೆ ಸಾಲದೆಂದಿತು.

ನನ್ನ ಆಕ್ಷೇಪ ಫಲಿತಾಂಶದ ಬಗ್ಗೆ ಅಲ್ಲ, ಹೋಲಿಕೆಯ ಬಗ್ಗೆ. ಮಾತ್ರೆಯ ಪ್ರಯೋಗದಲ್ಲಿ ಔಷಧವಿಲ್ಲದ, ನೋಡಲು ಒಂದೇ ತೆರನಾದ ಮಾತ್ರೆ ಕೊಟ್ಟು ರೋಗಿಗೆ ತಿಳಿಯದಂತೆ ಮಾಡಬಹುದು. ನಿಂಬೆಯ ವಾಸನೆಯನ್ನು ಮೂಸುವವರಿಂದ ಮುಚ್ಚಿಡುವುದು ಹೇಗೆ? ಗುಟ್ಟು ರಟ್ಟಾದ ಮೇಲೆ ನಿರೀಕ್ಷೆಯೂ ಫಲಿತಾಂಶದಲ್ಲಿ ಸೇರಿಕೊಳ್ಳುತ್ತದೆ. ಉಸಿರಾಟವೂ ಸೇರಿಕೊಳ್ಳಬಹುದು. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಯ ಕುರಿತು 2004ರಲ್ಲಿ ಪ್ರಕಟವಾದ 33 ರೋಗಿಗಳ ಅಧ್ಯಯನದಲ್ಲಿ ಪುದೀನ ತೈಲ, ಆಲ್ಕೊಹಾಲ್, ಬರಿಯ ಉಪ್ಪುನೀರು ಮೂರೂ ಸರಿಸುಮಾರು ಒಂದೇ ಉಪಶಮನ ನೀಡಿದವು. ನೀಳವಾಗಿ ಉಸಿರೆಳೆದದ್ದೇ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಜೊತೆಗೆ, ಹೆಚ್ಚಿನವರಲ್ಲಿ ಬಸಿರಿನ ವಾಕರಿಕೆ 16ರಿಂದ 20ನೇ ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಆ ಕೀರ್ತಿ ಕೊನೆಗೆ ಬಳಸಿದ ಸೀಸೆಗೆ ಸಲ್ಲುತ್ತದೆ!

ವಾಸನೆ ಎಲ್ಲರಿಗೂ ಒಂದೇ ರೀತಿ ಹಿತವೂ ಅಲ್ಲ. ಹೂಮಳೆಯ ನಂತರ ಕಾಫಿತೋಟದಿಂದ ಬರುವ ಘಮ ಊರಿಗೆಲ್ಲ ಪ್ರಿಯವಾದರೂ ಗರ್ಭಿಣಿಯೊಬ್ಬಳಿಗೆ ಅದೇ ಓಕರಿಕೆ ತರಬಹುದು.

ಶಿಕ್ಷಕರು ಇದನ್ನೊಂದು ಅಭ್ಯಾಸವಾಗಿ ತರಗತಿಗೆ ಒಯ್ಯಬಹುದು: ವಾಸನೆ, ದೀರ್ಘ ಉಸಿರು, ನಿರೀಕ್ಷೆ ಇವುಗಳ ಪರಿಣಾಮವನ್ನು ಬೇರ್ಪಡಿಸಲು ಎಷ್ಟು ಗುಂಪುಗಳು ಬೇಕು? ವಿದ್ಯಾರ್ಥಿಗಳು ಕಾಗದದ ಮೇಲೆ ಯೋಜಿಸಲಿ.

ಹಾಗಾದರೆ ನಿಂಬೆ ಮೂಸಬಾರದೆ? ಹಿತವೆನಿಸಿದರೆ ಧಾರಾಳವಾಗಿ ಮೂಸಲಿ. ಹಿತ್ತಲಿನ ಹಣ್ಣು ಸಾಕು. ಸಾಂದ್ರ ತೈಲವನ್ನು ಮಾತ್ರ ಕುಡಿಯಬಾರದು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಬಸಿರಿನ ಆರಂಭದ ವಾಕರಿಕೆಗೆ ಸೂಚಿಸಿದ ಉಪಚಾರಗಳಲ್ಲಿ ಶುಂಠಿ ಮತ್ತು ಬಿ6 ಜೀವಸತ್ತ್ವ ಇವೆ, ಸುಗಂಧ ತೈಲವಿಲ್ಲ. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ, ತೂಕ ಇಳಿಯುತ್ತಿದ್ದರೆ ಅದು ಸಾಮಾನ್ಯ ವಾಕರಿಕೆಯಲ್ಲ. ದೊಡ್ಡ ಆಸ್ಪತ್ರೆಗೆ ಘಟ್ಟದ ದಾರಿ ಹಿಡಿದು ಹೋಗಬೇಕಾದ ಊರುಗಳಲ್ಲಿ, ಸೀಸೆಯನ್ನು ನಂಬಿ ಕಳೆಯುವ ಒಂದೊಂದು ದಿನವೂ ದುಬಾರಿ. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು.