ಎಲೀಸ್ ಪರೀಕ್ಷೆ: ಸ್ವಂತ ಕಾರೇ ಅಳತೆಗೋಲಾದಾಗ

ಸ್ಪೋರ್ಟ್ಸ್ ಕಾರಿನ ಮಾಲೀಕರೊಬ್ಬರು ಎದುರಾಳಿ ಕಂಪನಿಯ ಹಗುರ ರೋಡ್‌ಸ್ಟರನ್ನು ಅರ್ಧ ಗಂಟೆ ಓಡಿಸಿ ಬಂದು ಬರೆಯುವ ವರದಿ ಇಂಗ್ಲೆಂಡಿನ ಕಾರು ಬರವಣಿಗೆಯಲ್ಲಿ ಒಂದು ಪ್ರಕಾರವೇ ಆಗಿ ಬೆಳೆದಿದೆ. ಜಾಹೀರಾತಿನ ಹಂಗಿಲ್ಲ, ಕಂಪನಿ ಖರ್ಚಿನ ಪ್ರವಾಸವಿಲ್ಲ, ಬೆನ್ನಿಗೆ ಸ್ವಂತ ದುಡ್ಡಿನ ಲೆಕ್ಕಾಚಾರವಿದೆ. ಹಾಗಾಗಿ ಪತ್ರಕರ್ತರ ಮಾತಿಗಿಂತ ಮಾಲೀಕರ ಮಾತನ್ನು ಹೆಚ್ಚು ನಂಬಬಹುದು ಎಂಬ ಹೆಸರು ಅದಕ್ಕೆ ಬಂದಿದೆ. ಈ ಹೆಸರಿನಿಂದ ಹೆಚ್ಚು ಲಾಭ ಪಡೆದ ಕಾರು ಲೋಟಸ್ ಎಲೀಸ್. ಪೋರ್ಷೆ ಬಾಕ್‌ಸ್ಟರ್ ಇಟ್ಟುಕೊಂಡವರು ಎಲೀಸ್ ಓಡಿಸಿ ಬರೆದ ವರದಿಗಳಲ್ಲಿ ಬೆರಗು, ಮೆಚ್ಚುಗೆ, ಒಂದಿಷ್ಟು ಅಸೂಯೆ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕಗೊಂಡಿರುತ್ತವೆ. ಅದೇ ಮಾಲೀಕರು ಮಾಜ್ದಾ ಎಂಎಕ್ಸ್-5 ಓಡಿಸಿ ಬಂದರೆ ಎರಡು ಸಾಲಿನ ಶಿಷ್ಟಾಚಾರದ ಹೊಗಳಿಕೆಯಲ್ಲಿ ಮಾತು ಮುಗಿಯುತ್ತದೆ. ಮೊದಲನೆಯದು ಅತಿಯಾಯಿತು, ಎರಡನೆಯದು ಅನ್ಯಾಯ. ಎರಡಕ್ಕೂ ಕಾರಣ ಒಂದೇ: ಮಾಲೀಕರು ಅಳೆಯುವುದು ತಮ್ಮ ಕಾರಿಗೂ ಎದುರಿನ ಕಾರಿಗೂ ಇರುವ ಅಂತರವನ್ನು. ಅಂತರ ದೊಡ್ಡದಾದಷ್ಟೂ ಕಾರು ದೊಡ್ಡದೆನಿಸುತ್ತದೆ.

ಎಲೀಸ್‌ನ ಜಾತಕ ಕಾರು ಬಲ್ಲವರಿಗೆ ಹೊಸದೇನಲ್ಲ. 1995ರ ಫ್ರಾಂಕ್‌ಫರ್ಟ್ ಮೇಳದಲ್ಲಿ ಅನಾವರಣ, 1996ರಿಂದ ಮಾರಾಟ. ನಾರ್ಫೋಕ್ ಪ್ರಾಂತದ ಹೆಥೆಲ್‌ನಲ್ಲಿ, ಎರಡನೇ ಮಹಾಯುದ್ಧ ಕಾಲದ ವಿಮಾನ ನೆಲೆಯ ಜಾಗದಲ್ಲಿರುವ ಕಾರ್ಖಾನೆಯಲ್ಲಿ ತಯಾರಿ. ರೂಪ ಜೂಲಿಯನ್ ಥಾಮ್ಸನ್ ಅವರದು, ಷಾಸಿ ರಿಚರ್ಡ್ ರ‍್ಯಾಕಮ್ ಅವರದು. ಆ ಷಾಸಿಯೇ ಕಾರಿನ ನಿಜವಾದ ಹೊಸತನ. ಅಚ್ಚಿನ ಮೂಲಕ ಒತ್ತಿ ತೆಗೆದ ಅಲ್ಯೂಮಿನಿಯಂ ತೊಲೆಗಳನ್ನು ವೆಲ್ಡಿಂಗ್ ಮಾಡದೆ ಎಪಾಕ್ಸಿ ಅಂಟಿನಿಂದ ಕೂಡಿಸಿ, ಬಿಸಿಯಲ್ಲಿ ಗಟ್ಟಿಮಾಡಿ, 68 ಕೆ.ಜಿ.ಯೊಳಗೆ ಮುಗಿಸಿದರು. ವೆಲ್ಡಿಂಗಿನ ಕಾವಿಗೆ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ. ಅಂಟಿಗೆ ಆ ದೋಷವಿಲ್ಲ, ಹಾಗಾಗಿ ತೊಲೆಯ ಗೋಡೆ ತೆಳುವಾಗಿದ್ದರೂ ನಡೆಯುತ್ತದೆ. ನಡುವೆ ಅಡ್ಡಡ್ಡ ಕೂರಿಸಿದ ರೋವರ್ ಕಂಪನಿಯ 1.8 ಲೀಟರ್ ಎಂಜಿನ್, 118 ಅಶ್ವಶಕ್ತಿ, ಕಾರಿನ ಒಟ್ಟು ತೂಕ ಸುಮಾರು 725 ಕೆ.ಜಿ. ಅದೇ 1996ರಲ್ಲಿ ಬಂದ ಬಾಕ್‌ಸ್ಟರ್‌ಗೆ ಆರು ಸಿಲಿಂಡರಿನ 2.5 ಲೀಟರ್ ಎಂಜಿನ್, 204 ಅಶ್ವಶಕ್ತಿ, 1250 ಕೆ.ಜಿ. ತೂಕ. ಒಂದೇ ವರ್ಷ ಹುಟ್ಟಿದ, ಎರಡೇ ಸೀಟಿನ, ನಡುವೆ ಎಂಜಿನ್ ಇರುವ ಈ ಜೋಡಿಯನ್ನು ಹೋಲಿಸದೆ ಬಿಡುವುದು ಯಾರಿಂದಲೂ ಆಗಲಿಲ್ಲ.

ಮಾಲೀಕರ ವರದಿ ಸಾಮಾನ್ಯವಾಗಿ ಕಾರು ಹತ್ತುವ ಕಷ್ಟದಿಂದ ಶುರುವಾಗುತ್ತದೆ. ಬಟ್ಟೆಯ ಛಾವಣಿ ಹಾಕಿದ್ದರಂತೂ ಎಡಗಾಲನ್ನು ಮೊದಲು ಸ್ಟೀರಿಂಗ್ ಕೆಳಗೆ ತೂರಿಸಿ, ತಲೆ ತಗ್ಗಿಸಿ ಸೊಂಟವನ್ನು ಸೀಟಿಗೆ ಇಳಿಬಿಟ್ಟು, ಬಲಗಾಲನ್ನು ಕೊನೆಗೆ ಒಳಗೆಳೆದುಕೊಳ್ಳಬೇಕು. ಬಾಗಿಲ ಕೆಳಗಿನ ಪಟ್ಟಿ ಅಷ್ಟು ಎತ್ತರ, ಅಷ್ಟು ಅಗಲ. ಗಟ್ಟಿ ಛಾವಣಿ ಇಲ್ಲದ ಕಾರು ತಿರುಚದೆ ನಿಲ್ಲಬೇಕಾದರೆ ಪಕ್ಕದ ತೊಲೆಗಳೇ ಎಲ್ಲ ಭಾರ ಹೊರಬೇಕು; ಎತ್ತರಕ್ಕೆ ಕಾರಣ ಅದು. 2000ದಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಈ ಪಟ್ಟಿಯನ್ನು ತಗ್ಗಿಸಲಾಯಿತು. ಒಳಗೆ ಬಣ್ಣವಿಲ್ಲದ ಅಲ್ಯೂಮಿನಿಯಂ ಕಾಲಿನ ಪಕ್ಕದಲ್ಲೇ ಹೊಳೆಯುತ್ತದೆ. ಕೀಲಿ ತಿರುಗಿಸುವ ಮೊದಲೇ ಓಡಿಸುವವರ ಮನಸ್ಸು ರೇಸ್ ಟ್ರ್ಯಾಕಿಗೆ ಹೋಗಿ ನಿಂತಿರುತ್ತದೆ. ಇದು ಪರೀಕ್ಷೆಗೆ ಒಳ್ಳೆಯ ಆರಂಭವಲ್ಲ.

ಆಮೇಲೆ ಸ್ಟೀರಿಂಗ್. ಎಲೀಸ್‌ನ ಕೀರ್ತಿಯ ಮುಕ್ಕಾಲು ಪಾಲು ಈ ಚಕ್ರದ ಮೇಲೆ ನಿಂತಿದೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಅದಕ್ಕೆ ಪವರ್ ಸ್ಟೀರಿಂಗ್ ಇಲ್ಲ. ನಿಂತಲ್ಲೇ ತಿರುಗಿಸಿದರೆ ಗಡುಸು. ನಡಿಗೆಯ ವೇಗ ದಾಟಿದ ಕೂಡಲೇ ಹಗುರವಾಗುತ್ತದೆ. ನೇರ ರಸ್ತೆಯಲ್ಲಿ ಸಣ್ಣ ಉಬ್ಬು ತಗ್ಗುಗಳಿಗೆ ಬೆರಳುಗಳಡಿ ಅತ್ತಿತ್ತ ಮಿಸುಕುತ್ತಿರುತ್ತದೆ. ತಿರುವಿಗೆ ಬಿಟ್ಟರೆ ತೂಕ ಕ್ರಮೇಣ ಏರುತ್ತದೆ, ಹಿಡಿತದ ಅಂಚು ಬರುವ ಮೊದಲೇ ಇಳಿಯಲು ಶುರುವಾಗುತ್ತದೆ. ವರದಿಗಳು ಇದನ್ನೆಲ್ಲ ಸರಿಯಾಗಿಯೇ ಗುರುತಿಸುತ್ತವೆ. ಎಡವುವುದು ಕಾರಣ ಹೇಳುವಲ್ಲಿ: ಕಾರು ಹಗುರ, ಆದ್ದರಿಂದ ಸ್ಟೀರಿಂಗ್ ಮಾತಾಡುತ್ತದೆ ಎಂಬ ಸುಲಭದ ಸೂತ್ರಕ್ಕೆ ಎಲ್ಲರೂ ಜೋತುಬೀಳುತ್ತಾರೆ.

ನಡೆಯುವುದು ಹೀಗೆ. ತಿರುವಿನಲ್ಲಿ ಟೈರು ನೆಲ ಮುಟ್ಟುವ ಪಟ್ಟಿ ಕೊಂಚ ಸೊಟ್ಟಗಾಗುತ್ತದೆ. ಪಕ್ಕಕ್ಕೆ ತಳ್ಳುವ ಬಲ ಆ ಪಟ್ಟಿಯ ನಟ್ಟನಡುವೆ ಕೂರದೆ ತುಸು ಹಿಂದೆ ಕೂರುತ್ತದೆ. ಹಿಂದೆ ಕೂತ ಬಲ ಚಕ್ರವನ್ನು ನೇರಕ್ಕೆ ಎಳೆಯುತ್ತದೆ. ಕೈಗೆ ತಿಳಿಯುವುದು ಈ ಎಳೆತ. ಹಿಡಿತ ಮುಗಿಯುವ ಹೊತ್ತಿಗೆ ಟೈರಿನ ಹಿಂಭಾಗ ಜಾರತೊಡಗಿ ಬಲ ಮುಂದಕ್ಕೆ ಸರಿಯುತ್ತದೆ, ಎಳೆತ ಕುಸಿಯುತ್ತದೆ, ಆದರೆ ಕಾರಿನ್ನೂ ಹಾದಿ ಬಿಟ್ಟಿರುವುದಿಲ್ಲ. ಆ ಸಣ್ಣ ವ್ಯತ್ಯಾಸವೇ ಮುನ್ಸೂಚನೆ. ಮುಂದಿನ ಚಕ್ರಗಳ ಮೇಲೆ ಭಾರ ಹೆಚ್ಚಿದ್ದರೆ ಎಳೆತವೂ ಹೆಚ್ಚು. ಆಗ ಕೈಗೆ ಸಹಾಯ ಬೇಕು. ಸಹಾಯ ಮಾಡುವ ಯಂತ್ರ ಎಳೆತದ ಜೊತೆಗೆ ಮುನ್ಸೂಚನೆಯ ಒಂದಂಶವನ್ನೂ ನುಂಗುತ್ತದೆ. ಅಂದರೆ ಸ್ಟೀರಿಂಗಿಗೆ ಬೇಕಾದ ಲೆಕ್ಕ ಕಾರಿನ ಒಟ್ಟು ತೂಕದ್ದಲ್ಲ, ಮುಂದಿನ ಆಕ್ಸಲ್ ಮೇಲೆ ಬಿದ್ದ ತೂಕದ್ದು.

ಆ ಲೆಕ್ಕ ಹಾಕಿದವರು ಕಡಿಮೆ. ಎಲೀಸ್‌ನ ಭಾರದಲ್ಲಿ ನೂರಕ್ಕೆ 40ಕ್ಕಿಂತ ತುಸು ಕಡಿಮೆ ಭಾಗ ಮಾತ್ರ ಮುಂದಿದೆ. 75 ಕೆ.ಜಿ.ಯ ಚಾಲಕರನ್ನು ಸೇರಿಸಿದರೂ ಮುಂದಿನ ಎರಡು ಟೈರುಗಳ ಪಾಲಿಗೆ ಬರುವುದು 310 ಕೆ.ಜಿ. ಆಸುಪಾಸು. ಇದೇ ರೀತಿ ಹಾಕಿದರೆ ಬಾಕ್‌ಸ್ಟರ್ ಮುಂಭಾಗದ ಭಾರ 600 ಕೆ.ಜಿ. ಮೀರುತ್ತದೆ. ಒಟ್ಟು ತೂಕದಲ್ಲಿ ಎಲೀಸ್ ಬಾಕ್‌ಸ್ಟರ್‌ನ ಶೇ. 58ರಷ್ಟಿದ್ದರೆ, ಮುಂದಿನ ಆಕ್ಸಲ್ ಮೇಲೆ ಸರಿಸುಮಾರು ಅರ್ಧ. ಇದರ ಜೊತೆಗೆ ಬಾಕ್‌ಸ್ಟರ್ ಮುಂದಿನ ಟೈರು 205 ಮಿ.ಮೀ. ಅಗಲ, ಎಲೀಸ್‌ನದು 185. ಈಗ ಮೊದಲ ತಲೆಮಾರಿನ ಎಂಎಕ್ಸ್-5 ತೆಗೆದುಕೊಳ್ಳೋಣ: ಸುಮಾರು 950 ಕೆ.ಜಿ., ಎಂಜಿನ್ ಮುಂದೆ, ಭಾರ ಹಿಂದೆ ಮುಂದೆ ಹೆಚ್ಚುಕಡಿಮೆ ಸಮ. ಒಟ್ಟು ತೂಕದಲ್ಲಿ ಅದು ಬಾಕ್‌ಸ್ಟರ್‌ಗಿಂತ 300 ಕೆ.ಜಿ. ಕಡಿಮೆ, ಆದರೆ ಮುಂದಿನ ಚಕ್ರಗಳ ಮೇಲೆ 520 ಕೆ.ಜಿ. ಹತ್ತಿರ ಇದೆ. ಬಾಕ್‌ಸ್ಟರ್ ಮಾಲೀಕರ ಕೈಗಳಿಗೆ ಎಲೀಸ್ ಇನ್ನೊಂದು ಲೋಕದಂತೆ, ಎಂಎಕ್ಸ್-5 ಪಕ್ಕದ ಊರಿನಂತೆ ತೋರುವುದು ಇಷ್ಟರಿಂದಲೇ. ಎರಡನೇ ಕಾರಿನ ಹಗುರತನ ಎಲ್ಲೂ ಹೋಗಿರುವುದಿಲ್ಲ. ಬ್ರೇಕಿನಲ್ಲಿದೆ, ಬಳುಕುವ ತಿರುವಿನಲ್ಲಿದೆ, ಟೈರು ಸವೆಯುವ ವೇಗದಲ್ಲಿದೆ. ಅರ್ಧ ಗಂಟೆಯ ಪರೀಕ್ಷೆಗೆ ಅವು ಸಿಗುವುದಿಲ್ಲ, ಸ್ಟೀರಿಂಗ್ ಸಿಗುತ್ತದೆ.

ಮುಂದಿನ ಭಾರವೇ ಮುಖ್ಯ ಎಂಬ ಈ ಮಾತಿಗೆ 1962ರ ಲೋಟಸ್ ಎಲಾನ್ ಸಾಕ್ಷಿ ಹೇಳುತ್ತದೆ. ಅದರ ಎಂಜಿನ್ ಮುಂದಿತ್ತು. ಆದರೂ ಅದರ ಸ್ಟೀರಿಂಗನ್ನು ಮೆಕ್‌ಲಾರೆನ್ ಎಫ್1 ರೂಪಿಸಿದ ಗಾರ್ಡನ್ ಮರ‍್ರಿಯಂಥವರೇ ಮಾದರಿ ಎಂದು ಒಪ್ಪಿದ್ದಾರೆ. ಇಡೀ ಕಾರೇ 700 ಕೆ.ಜಿ. ಒಳಗೆ, ಮುಂದಿನ ಚಕ್ರಗಳ ಮೇಲೆ 400 ಕೆ.ಜಿ. ದಾಟದ ಭಾರ, ತೆಳು ಟೈರು. ಎಂಜಿನ್ ಎಲ್ಲಿದೆ ಎಂಬುದು ಇಲ್ಲಿ ಎರಡನೇ ಮಾತು.

ಎಲಾನ್ ಹೆಸರು ಬಂದಿದ್ದರಿಂದ ವಿಮರ್ಶಕರ ಜೊತೆಗಿನ ಒಂದು ಹಳೆಯ ತಕರಾರನ್ನೂ ಮುಗಿಸಿಬಿಡಬಹುದು. ಎಲೀಸ್ ಲೋಟಸ್ ಸ್ಥಾಪಕ ಕಾಲಿನ್ ಚಾಪ್‌ಮನ್ ಪರಂಪರೆಯ ನೇರ ವಾರಸುದಾರ, ಎಂಎಕ್ಸ್-5 ಜಪಾನಿನ ನಕಲು ಎಂದು ಬ್ರಿಟಿಷ್ ಪತ್ರಿಕೆಗಳಲ್ಲಿ ಬರೆದದ್ದನ್ನೇ ಬರೆಯಲಾಗಿದೆ. ವಂಶಾವಳಿ ತೆಗೆದರೆ ಇದು ತಲೆಕೆಳಗು. ಚಾಪ್‌ಮನ್ ರಸ್ತೆ ಕಾರುಗಳಲ್ಲಿ ಎಲ್ಲರೂ ಕೊಂಡಾಡುವ ಎಲಾನ್‌ಗೆ ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಚಾಲನೆ, ಮೆತ್ತನೆ ಸ್ಪ್ರಿಂಗು, ಕೂತಲ್ಲಿಂದಲೇ ಆರಾಮ. ಇದೆಲ್ಲ ಎಂಎಕ್ಸ್-5ರಲ್ಲಿ ಒಂದೊಂದಾಗಿ ಇದೆ. ನಡುವೆ ಎಂಜಿನ್ ಇರುವ ಎಲೀಸ್‌ನ ಮನೆತನ ಹುಡುಕಬೇಕಾದರೆ 1966ರ ಲೋಟಸ್ ಯುರೋಪಾ ಕಡೆಗೆ ಹೋಗಬೇಕು. ಆ ಕಾರನ್ನು ಈ ವಿಮರ್ಶಕರು ಅಷ್ಟು ಉತ್ಸಾಹದಿಂದ ನೆನೆಯುವುದಿಲ್ಲ. ಎಂಎಕ್ಸ್-5ರ ಯೋಚನೆಯನ್ನು 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದಿಟ್ಟವರು ಬಾಬ್ ಹಾಲ್ ಎಂಬ ಅಮೆರಿಕನ್ ಕಾರು ಪತ್ರಕರ್ತ. ಹಳೆಯ ಬ್ರಿಟಿಷ್ ರೋಡ್‌ಸ್ಟರ್‌ಗಳ ಸುಖ ಬೇಕು, ಕೆಟ್ಟು ನಿಲ್ಲುವ ಕಾಟ ಬೇಡ ಎಂಬುದು ಅದರ ಬಹಿರಂಗ ಉದ್ದೇಶ. ಉದ್ದೇಶವನ್ನು ಮುಚ್ಚಿಡದೆ ಕಲಿತದ್ದಕ್ಕೆ ನಕಲು ಎಂಬ ಬೈಗುಳ ಅಂಟಿಸುವುದಾದರೆ ಪರಂಪರೆ ಎಂಬ ಮಾತನ್ನೂ ಕೈಬಿಡಬೇಕು. ಹಗುರತನವೆಂಬ ಚಾಪ್‌ಮನ್ ಮಂತ್ರ ಕಂಪನಿಯ ರಕ್ತದಲ್ಲಿದೆ ಎಂಬ ವಾದವೂ ಈಗ ಸಪ್ಪೆಯಾಗಿದೆ. 2023ರಲ್ಲಿ ಲೋಟಸ್ ಅಧಿಕೃತವಾಗಿ ಭಾರತಕ್ಕೆ ಕಾಲಿಟ್ಟಾಗ ಮೊದಲು ತಂದದ್ದು ಸುಮಾರು ಎರಡೂವರೆ ಟನ್ ತೂಗುವ ಎಲೆಟ್ರೆ ಎಂಬ ವಿದ್ಯುತ್ ಎಸ್‌ಯುವಿಯನ್ನು.

ಎಂಎಕ್ಸ್-5 ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ ಎಂಬ ಇನ್ನೊಂದು ಆಕ್ಷೇಪವಿದೆ. ವಾಲುವುದು ನಿಜ. 1989ರ ಮೊದಲ ಕಾರಿನಿಂದಲೂ ಮೆತ್ತನೆ ಸ್ಪ್ರಿಂಗು ಬೇಕೆಂದೇ ಇಟ್ಟದ್ದು. ಕಾರು ಮಿತಿಯೊಳಗಿನ ವೇಗದಲ್ಲೇ ಭಾರ ಎತ್ತ ಸರಿಯುತ್ತಿದೆ ಎಂದು ಚಾಲಕರ ಬೆನ್ನಿಗೆ ತಿಳಿಸುವ ದಾರಿ ಅದು. ಎಲೀಸ್ ಕೈಗೆ ಹೇಳುವುದನ್ನು ಎಂಎಕ್ಸ್-5 ಸೀಟಿಗೆ ಹೇಳುತ್ತದೆ. ಅದನ್ನು ರೂಪಿಸಿದ ತೋಶಿಹಿಕೊ ಹಿರಾಯ್ ನೇತೃತ್ವದ ತಂಡ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಚೌಕಟ್ಟು ಬಿಗಿದು ಎರಡನ್ನೂ ಒಂದು ತುಂಡಾಗಿಸಿತು. ಆಕ್ಸಿಲರೇಟರ್ ಒತ್ತಿ ಬಿಡುವಾಗ ಕೊಸರಾಟವಿಲ್ಲ, ಗೇರ್ ಹಾಕುವಾಗ ಚಿಕ್ಕ, ಖಚಿತವಾದ ತಟ್ಟು ಸಿಗುತ್ತದೆ. ಮಾಲೀಕರ ವರದಿಗಳಲ್ಲಿ ಗೇರನ್ನು ಹೊಗಳಿರುತ್ತಾರೆ, ಅದಕ್ಕೆ ನೆರವಾದ ಚೌಕಟ್ಟನ್ನು ಹೆಸರಿಸಿರುವುದಿಲ್ಲ. ಎಲೀಸ್‌ನ ಷಾಸಿಯನ್ನು ಕಣ್ಣಿಗೆ ಕಾಣುವಂತೆ ತೆರೆದಿಟ್ಟಿದ್ದಾರೆ; ಎಂಎಕ್ಸ್-5ರ ಚೌಕಟ್ಟು ಕಾರಿನಡಿ ತೂರಿದವರಿಗೆ ಮಾತ್ರ ಕಾಣುತ್ತದೆ.

ಈ ವರದಿಗಳ ಮೇಲೆ ಬ್ಯಾಡ್ಜ್‌ನ ಪ್ರಭಾವವೂ ಎಷ್ಟೆಂಬುದಕ್ಕೆ ಸಾಕ್ಷಿಯಾಗಿ ಮೂರನೇ ಕಾರೊಂದಿದೆ. ಓಪೆಲ್ ಸ್ಪೀಡ್‌ಸ್ಟರ್, ಬ್ರಿಟನ್ನಿನಲ್ಲಿ ವಾಕ್ಸ್‌ಹಾಲ್ ವಿಎಕ್ಸ್220. 2000ದಿಂದ 2005ರವರೆಗೆ ಹೆಥೆಲ್‌ನಲ್ಲೇ, ಅದೇ ಬಗೆಯ ಅಂಟಿನ ಷಾಸಿಯ ಮೇಲೆ ತಯಾರಾಯಿತು. ಎಂಜಿನ್ 2.2 ಲೀಟರ್, 147 ಅಶ್ವಶಕ್ತಿ, ತೂಕ ಸುಮಾರು 875 ಕೆ.ಜಿ., ಇದಕ್ಕೂ ಪವರ್ ಸ್ಟೀರಿಂಗ್ ಇಲ್ಲ. ಇದನ್ನು ಓಡಿಸಿದವರ ವರದಿಗಳು ಚೆನ್ನಾಗಿದೆ, ಆದರೆ ಲೋಟಸ್ ಅಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ಚಿಕ್ಕ ಪರೀಕ್ಷೆಗೆ ಸಿಗದ ದೋಷಗಳೂ ಎಲೀಸ್‌ಗೆ ಇವೆ. ರೋವರ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗುವ ಕಥೆ ಗ್ಯಾರೇಜುಗಳಲ್ಲಿ ಎಲ್ಲರಿಗೂ ಗೊತ್ತು. 2004ರಲ್ಲಿ ಟೊಯೊಟಾ ಎಂಜಿನ್ ಬರುವವರೆಗೂ ಆ ಅಂಜಿಕೆ ತಪ್ಪಲಿಲ್ಲ. ಮೊದಲ ಆವೃತ್ತಿಯಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ದಿಢೀರನೆ ಬಿಟ್ಟರೆ ಹಿಂಭಾಗ ಹೊರಕ್ಕೆ ಬೀಸುತ್ತಿತ್ತು. ಎರಡನೇ ಆವೃತ್ತಿಗೆ ಲೋಟಸ್ ಮುಂದಿನ ಟೈರನ್ನು 175ಕ್ಕೆ ಇಳಿಸಿ ಹಿಂದಿನದನ್ನು 225ಕ್ಕೆ ಏರಿಸಿತು, ಮುಂಭಾಗವೇ ಮೊದಲು ಜಾರಲಿ ಎಂದು. ಪಕ್ಕದ ಸೀಟಿನಲ್ಲಿ ಷೋರೂಮಿನವರನ್ನು ಕೂರಿಸಿಕೊಂಡು ಈ ವ್ಯತ್ಯಾಸವನ್ನು ಯಾರೂ ಪರೀಕ್ಷಿಸಲಾರರು, ಪರೀಕ್ಷಿಸಲೂ ಬಾರದು.

ಎಲೀಸ್ ತಯಾರಿಕೆ 2021ರಲ್ಲಿ ನಿಂತಿತು. ಒಟ್ಟು 35,124 ಕಾರುಗಳು. ಎಂಎಕ್ಸ್-5 2016ರಲ್ಲೇ 10 ಲಕ್ಷ ದಾಟಿತು. ಈಗ ಎಲೀಸ್ ಓಡಿಸಿ ನೋಡುವುದೆಂದರೆ ಯಾರದೋ ಕೈಯಲ್ಲಿ ಸವೆದ ಕಾರನ್ನು ಓಡಿಸಿ ನೋಡುವುದು. ಚಕ್ರದ ಅಲೈನ್‌ಮೆಂಟ್ ಕೊಂಚ ಬದಲಾದರೂ, ಟೈರಿನ ರಬ್ಬರು ಗಟ್ಟಿಯಾದರೂ, ಸಸ್ಪೆನ್ಷನ್ ಬುಷ್ ಸವೆದರೂ ಮೇಲೆ ವಿವರಿಸಿದ ಎಳೆತ ಬದಲಾಗುತ್ತದೆ. ಮುಂದಿನ ಭಾರ ಇಷ್ಟು ಕಡಿಮೆ ಇರುವ ಕಾರಿನಲ್ಲಿ ಅದು ಇನ್ನೂ ಬೇಗ ತಿಳಿಯುತ್ತದೆ. ಹಾಗಿದ್ದೂ ವರದಿಗಳಲ್ಲಿ ಟೈರಿನ ವಯಸ್ಸಾಗಲಿ ಅಲೈನ್‌ಮೆಂಟ್ ಅಳತೆಯಾಗಲಿ ಕಾಣಸಿಗುವುದು ಅಪರೂಪ. ಅವೆರಡೂ ಇಲ್ಲದ ವರದಿಯನ್ನು ಆ ಒಂದು ಕಾರಿನ ಬಗೆಗಿನ ಅಭಿಪ್ರಾಯವೆಂದು ಓದಬಹುದು, ಎಲೀಸ್ ಬಗೆಗಿನ ತೀರ್ಪೆಂದು ಓದಬೇಕಾಗಿಲ್ಲ.