ದಸ್ತಾರು ರಾಜನದು, ಸೂಜಿ ಯಾರದು?

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಮೂರು ಸ್ಕ್ವಾಡ್ರನ್‌ಗಳು ಹೈದರಾಬಾದಿನ ಹೆಸರು ಹೊತ್ತಿದ್ದವು: 110, 152, 253. ನಿಜಾಮರ ದೇಣಿಗೆಗೆ ಸಂದ ಗೌರವ ಅದು. 152ರ ಅಧಿಕೃತ ಲಾಂಛನದಲ್ಲಂತೂ ನಿಜಾಮರ ಪೇಟ, ಅಂದರೆ ದಸ್ತಾರೇ ಇದೆ, ಕೆಳಗೆ ‘ನಂಬಿಗಸ್ತ ಮಿತ್ರ’ ಎಂಬರ್ಥದ ಧ್ಯೇಯವಾಕ್ಯ. ಇದೇ ಪಡೆ ಬರ್ಮಾ ರಂಗಕ್ಕೆ ಬಂದಾಗ ತನ್ನ ಸ್ಪಿಟ್‌ಫೈರ್‌ಗಳ ಪಕ್ಕೆಯ ಮೇಲೆ ಬರೆಸಿಕೊಂಡದ್ದು ಮಾತ್ರ ಜಿಗಿಯುವ ಕರಿಚಿರತೆಯನ್ನು. ಅನಧಿಕೃತ ಲಾಂಛನಗಳ ಪರಂಪರೆಯನ್ನು ತೂಗಿ ನೋಡಲು ಇಲ್ಲಿಂದಲೇ ಹೊರಡಬಹುದು.

ವಿಮಾನದ ಪಕ್ಕೆಗಿಂತ ಪೈಲಟ್‌ನ ಎದೆಯ ಮೇಲಿನ ರೆಕ್ಕೆಯ ಬ್ಯಾಡ್ಜಿನಲ್ಲಿ ಈ ಕಥೆ ಹೆಚ್ಚು ಸೂಕ್ಷ್ಮವಾಗಿದೆ. ನಿಯಮದ ರೆಕ್ಕೆ ಸರಳ: ಕಪ್ಪು ಬಟ್ಟೆಯ ಮೇಲೆ ಬಿಳಿಯ ದಾರದ ಗರಿಗಳು, ನಡುವೆ ಕಂದು ಎಲೆಗಳ ಹಾರ, ಮೇಲೆ ಕಿರೀಟ. ಮೆಸ್ಸಿನ ಔತಣದ ಉಡುಪಿಗೆ ಮಾತ್ರ ಚಿನ್ನದ ಜರಿಯ ಪುಟ್ಟ ರೆಕ್ಕೆಗೆ ಅನುಮತಿ ಇತ್ತು. ಭಾರತಕ್ಕೆ ಬಂದ ಮೇಲೆ ಈ ಗೆರೆ ಅಳಿಸಿಹೋಯಿತು. ಬಜಾರಿನ ಕಸೂತಿಗಾರರು ದಿನನಿತ್ಯದ ಖಾಕಿಗೂ ಜರಿಯ ರೆಕ್ಕೆ ಹೊಲಿದುಕೊಟ್ಟರು. ಕಾರ್ಚೋಬಿನ ಚೌಕಟ್ಟಿಗೆ ಬಟ್ಟೆ ಬಿಗಿದು, ಹತ್ತಿಯ ಉಬ್ಬು ಕೊಟ್ಟು, ಸುರುಳಿ ಸುತ್ತಿದ ತಂತಿಯನ್ನು ಗರಿಯ ಅಳತೆಗೆ ಕತ್ತರಿಸಿ, ಮಣಿಯಂತೆ ಸೂಜಿಗೆ ಪೋಣಿಸಿ ಕೂರಿಸುವ ಕೆಲಸ. ಉಷ್ಣದೇಶದ ಖಾಕಿ ಅಂಗಿ ಮತ್ತೆ ಮತ್ತೆ ಅಗಸನ ಕೈಗೆ ಹೋಗಬೇಕಾದ್ದರಿಂದ ರೆಕ್ಕೆಯ ಬೆನ್ನಿಗೆ ಪಿನ್ನೋ ಟಿಚ್ ಬಟನ್ನೋ ಬಂತು. ನಿಯಮಪುಸ್ತಕದಲ್ಲಿಲ್ಲದ ಈ ಬದಲಾವಣೆ ನನ್ನ ಮಟ್ಟಿಗೆ ಅತ್ಯಂತ ಬುದ್ಧಿವಂತಿಕೆಯದು.

ಎಲ್ಲವೂ ಚೆಲುವಲ್ಲ. ಹಾರದೊಳಗೆ ಹೆಣೆದುಕೊಂಡ ರೋಮನ್ ಅಕ್ಷರಗಳು ಎಷ್ಟೋ ಕಡೆ ಗಂಟಾಗಿವೆ, ಕಿರೀಟ ಊದಿಕೊಂಡು ಹಾರವನ್ನು ಅದುಮಿದೆ. ಆದರೆ ಗರಿಗಳನ್ನು ನೋಡಿ. ನಿಯಮದ ರೆಕ್ಕೆಯಲ್ಲಿ ಚಪ್ಪಟೆಯಾಗಿ ಮಲಗಿದ್ದವು ಇಲ್ಲಿ ಒಂದೊಂದೂ ಎದ್ದು ನಿಂತು, ಬೆಳಕು ಬಿದ್ದತ್ತ ಬಣ್ಣ ಬದಲಿಸುತ್ತವೆ. ಇದನ್ನು ಬರೀ ಅಲಂಕಾರದ ಹುಚ್ಚು ಎಂದು ತಳ್ಳಿಹಾಕುವವರು ಕಸುಬನ್ನೇ ನೋಡಿಲ್ಲ.

ಬ್ರಿಟಿಷ್ ವಾಯುಪಡೆಯ ಇತರ ಅನಧಿಕೃತ ಗುರುತುಗಳ ಬಗೆಯೇ ಬೇರೆ. ವಿಮಾನ ಸಮುದ್ರಕ್ಕೆ ಬಿದ್ದು ಬದುಕುಳಿದವರಿಗೆ 1942ರಲ್ಲಿ ಹುಟ್ಟಿದ ಗೋಲ್ಡ್‌ಫಿಶ್ ಕ್ಲಬ್ಬಿನ ಬ್ಯಾಡ್ಜನ್ನು ಸಮವಸ್ತ್ರದ ಮೇಲೆ ಧರಿಸಲು ಅನುಮತಿ ಇರಲಿಲ್ಲ. ಹಲವರು ಜೇಬಿನ ಮುಚ್ಚಳದಡಿ ಅದನ್ನು ಹೊಲಿದುಕೊಂಡರು. ಆಫ್ರಿಕಾದ ಮರುಭೂಮಿಯಲ್ಲಿ ಶತ್ರುನೆಲದಿಂದ ನಡೆದು ಬಂದವರಿಗೆ ರೆಕ್ಕೆಯಿದ್ದ ಬೂಟು ಸಿಕ್ಕಿತು. 1942ರಲ್ಲೇ ‘ಓ’ ಅಕ್ಷರದ ಅಬ್ಸರ್ವರ್ ಬ್ಯಾಡ್ಜಿನ ಬದಲು ನ್ಯಾವಿಗೇಟರ್‌ನ ‘ಎನ್’ ಬಂದಾಗ ಹಳಬರು ಹಲವರು ‘ಓ’ವನ್ನು ಬಿಡಲಿಲ್ಲ. ಅಲ್ಲೆಲ್ಲ ವ್ಯತ್ಯಾಸಕ್ಕೆ ಕಾರಣ ಧರಿಸಿದವನ ಅನುಭವ, ಹಟ. ಭಾರತದ ರೆಕ್ಕೆಯಲ್ಲಿ ಕಾರಣ ಮಾಡಿದವನ ಕೈ. ಅಲ್ಲಿನ ವಿವರಣೆಯನ್ನು ಇಲ್ಲಿಗೂ ಹೊಂದಿಸುವ ಸಂಗ್ರಾಹಕರು ಧರಿಸಿದ ಪೈಲಟ್‌ನ ಹೆಸರು, ಪದಕ, ಸ್ಕ್ವಾಡ್ರನ್ ಎಲ್ಲ ಬರೆದು, ಮಾಡಿದವನಿಗೆ ‘ಸ್ಥಳೀಯ ತಯಾರಿ’ ಎಂಬ ಎರಡೇ ಮಾತು ಮೀಸಲಿಡುತ್ತಾರೆ.

ಹೆಸರಿಲ್ಲದ್ದರಿಂದ ಕಾಲನಿರ್ಣಯವೂ ಕಷ್ಟ. ಗಣರಾಜ್ಯವಾದ ಮೇಲೆ ಭಾರತೀಯ ರೆಕ್ಕೆಯಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು; ಕಿರೀಟವಿದ್ದರೆ ಹಳೆಯದೇ ಎಂದು ಮಾತ್ರ ಹೇಳುವಂತಿಲ್ಲ. ಕಸುಬು ಜೀವಂತವಿದೆ, ಸಂಗ್ರಾಹಕರಿಗಾಗಿ ಆಮೇಲೆ ಮಾಡಿದ ನಕಲುಗಳಲ್ಲೂ ಅದೇ ತಂತಿ, ಅದೇ ಹೊಲಿಗೆ ಇರಬಹುದು. ಯುದ್ಧಕಾಲದಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ಹಾರಾಟದ ಪ್ರಾಥಮಿಕ ಶಾಲೆ ಇತ್ತು. ಅಲ್ಲಿ ಕಲಿತವರು ರೆಕ್ಕೆ ಪಡೆಯಲು ಅಂಬಾಲದಂಥ ಕಡೆ ಮುಂದಿನ ತರಬೇತಿಗೆ ಹೋಗಬೇಕಿತ್ತು. ಹಾಗಾಗಿ ಜರಿಯ ರೆಕ್ಕೆ ಕಂಡಲ್ಲೆಲ್ಲ ‘ಹೈದರಾಬಾದಿನದು’ ಎಂದು ಚೀಟಿ ಅಂಟಿಸುವುದೂ ತಪ್ಪೇ. ಬ್ಯಾಡ್ಜನ್ನು ತಿರುಗಿಸಿ ಹಿಂಬದಿಯ ಬಟ್ಟೆ, ಅಂಟು, ಪಿನ್ನು, ದಾರ ನೋಡಬೇಕು. ಹೈದರಾಬಾದಿನ ಹಳೆಯ ನಗರದಲ್ಲಿ ಈಗಲೂ ಕಾರ್ಚೋಬಿನ ಮುಂದೆ ಕೂರುವವರಿಗೆ ಅದನ್ನು ತೋರಿಸಿ, ಹೊಲಿಗೆ ಓದಿಸಿ, ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ದಾಖಲಿಸಬೇಕು.