ಎಣ್ಣೆಗೆಂಪು ಮೈಬಣ್ಣದ ಯೇಸು: ನಮ್ಮ ಚಿತ್ರಪರಂಪರೆಯ ಒಂದು ವಿಮರ್ಶೆ

ಹಾಸನದಿಂದ ಸಾಲಗಾಮೆಯ ಕಡೆಗೆ ಸಾಗುವ ಹಾದಿಯ ಊರುಗಳಲ್ಲಾಗಲಿ, ಹೇಮಾವತಿ ಜಲಾಶಯಕ್ಕಾಗಿ ಶೆಟ್ಟಿಹಳ್ಳಿಯನ್ನು ತೊರೆದು ಬೇರೆಡೆ ನೆಲೆಸಿದ ಕುಟುಂಬಗಳಲ್ಲಾಗಲಿ, ಕಥೋಲಿಕರ ನಡುಮನೆಯನ್ನು ಹೊಕ್ಕವರಿಗೆ ಮೊದಲು ಎದುರಾಗುವುದು ಯೇಸುಸ್ವಾಮಿಯ ಪವಿತ್ರ ಹೃದಯದ ಪಟ. ಬೆಳ್ಳನೆಯ ಮುಖ, ಹೊಂಗೂದಲು, ತಿಳಿಗಣ್ಣು, ಕೆಲಸವನ್ನೇ ಕಾಣದ ನೀಳ ಬೆರಳು. ಇಂಥ ಪಟಗಳ ವಂಶಮೂಲವನ್ನು ಹುಡುಕಿ ಹೊರಟರೆ ನಾವು ತಲುಪುವುದು ಗಲಿಲೇಯವನ್ನಲ್ಲ, ರೋಮಿನ ಜೆಸು ದೇವಾಲಯವನ್ನು. ಅಲ್ಲಿ 1767ರಲ್ಲಿ ಪೊಂಪೆಯೊ ಬಟೋನಿ ಎಂಬ ಇಟಲಿಯ ಕಲಾವಿದ ತಾಮ್ರದ ತಗಡಿನ ಮೇಲೆ ಬರೆದ ಚಿತ್ರ ಇಂದಿಗೂ ಇದೆ. ಅದರ ಮುದ್ರಿತ ಪ್ರತಿಗಳೂ ಪ್ರತಿಯ ಪ್ರತಿಗಳೂ ಲೋಕವನ್ನು ಸುತ್ತಿ ನಮ್ಮ ಗೋಡೆಗಳಿಗೂ ಬಂದಿವೆ. ಆ ಪಟದ ಮುಂದೆ ಮೂರು ನಾಲ್ಕು ತಲೆಮಾರುಗಳು ಸಲ್ಲಿಸಿದ ಪ್ರಾರ್ಥನೆಯನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ಭಕ್ತಿಯ ವಸ್ತುವೂ ವಿಮರ್ಶೆಗೆ ಹೊರತಲ್ಲ. ಆ ಮುಖವನ್ನೇ ಯೇಸುವಿನ ನಿಜವಾದ ಮುಖವೆಂದು ನಂಬಿದಾಗ ಅದು ಏನನ್ನು ಬೋಧಿಸುತ್ತದೆ ಎಂಬುದು ದೈವಶಾಸ್ತ್ರದ ಪ್ರಶ್ನೆಯೇ ಆಗಿದೆ.

ನಮ್ಮ ಪತ್ರಿಕೆಗಳಲ್ಲಿ ಕಾಣೆಯಾದವರ ಬಗ್ಗೆ ಪೊಲೀಸರು ನೀಡುವ ಪ್ರಕಟಣೆಯಲ್ಲಿ ಚಹರೆಯ ವಿವರ ಇರುತ್ತದೆ: ಎತ್ತರ, ಕೋಲು ಮುಖ ಅಥವಾ ದುಂಡು ಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಅಥವಾ ಗೋಧಿ ಮೈಬಣ್ಣ. ಜೆರುಸಲೇಮಿನಲ್ಲಿ ಹನ್ನೆರಡರ ಬಾಲಕನನ್ನು ಕಳೆದುಕೊಂಡು ಮೂರು ದಿನ ಹುಡುಕಿದ ಮರಿಯ ಮತ್ತು ಜೋಸೆಫರು ದಾರಿಹೋಕರಿಗೆ ಇಂಥದೇ ಚಹರೆಯನ್ನು ಹೇಳಿರಬೇಕು. ಲೂಕ ಅದನ್ನು ಬರೆದಿಡಲಿಲ್ಲ. ಉಳಿದ ಮೂವರು ಶುಭಸಂದೇಶಕಾರರೂ ಮೌನ. ಸೌಲನ ಎತ್ತರವನ್ನೂ ದಾವೀದನ ಕೆಂಪು ಮೈಬಣ್ಣವನ್ನೂ ದಾಖಲಿಸಿದ ಪರಂಪರೆಯಲ್ಲಿ ಬೆಳೆದವರಿಗೆ ಹಾಗೆ ಬರೆಯುವ ರೂಢಿ ತಿಳಿಯದೆ ಇರಲಿಲ್ಲ. ಯೇಸುವಿನ ರೂಪದಲ್ಲಿ ಎತ್ತಿ ಹೇಳುವಂಥದ್ದೇನೂ ಅವರಿಗೆ ಕಂಡಿರಲಾರದು ಎಂಬುದೇ ಈ ಮೌನಕ್ಕೆ ನಾವು ಕೊಡಬಹುದಾದ ಸರಳವಾದ ವಿವರಣೆ.

ಈ ಊಹೆಗೆ ಶುಭಸಂದೇಶಗಳೇ ಆಧಾರ ನೀಡುತ್ತವೆ. ಗೆತ್ಸೆಮನೆಯಲ್ಲಿ ಬಂಧಿಸಲು ಬಂದವರಿಗೆ ಮುದ್ದಿನ ಗುರುತು ಬೇಕಾಯಿತು. ಹನ್ನೊಂದು ಜನ ಗಲಿಲೇಯದವರ ನಡುವೆ ಯೇಸುವನ್ನು ಬೇರ್ಪಡಿಸಿ ತೋರಿಸುವ ಲಕ್ಷಣ ಯಾವುದೂ ಇರಲಿಲ್ಲ. ಮಗ್ದಲದ ಮರಿಯಳಿಗೆ ಪುನರುತ್ಥಾನರಾದ ಪ್ರಭು ತೋಟಗಾರನಂತೆ ಕಂಡರು. ಆ ಬೆಳಗಿನ ದೈವಿಕ ಮರೆಯ ಬಗ್ಗೆ ವ್ಯಾಖ್ಯಾನಕಾರರು ಬಹಳ ಬರೆದಿದ್ದಾರೆ. ಆದರೆ ಮಣ್ಣಿನ ಕೆಲಸದ ಆಳೆಂದು ಭಾವಿಸಲು ಅಡ್ಡಿಯಾಗದ ಮೈ ಅದಾಗಿತ್ತು ಎಂಬ ಸರಳ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಸಮಾರಿಯದ ಹೆಂಗಸು ನೋಡಿದೊಡನೆ ಯೆಹೂದ್ಯನೆಂದು ಗುರುತಿಸಿದಳು. ಇನ್ನು ನೀಳ ಕೂದಲಿನ ವಿಷಯ: ಗಂಡಸಿಗೆ ಉದ್ದ ಕೂದಲು ಅವಮಾನವೆಂದು ಕೊರಿಂಥದವರಿಗೆ ಬರೆದ ಸಂತ ಪೌಲರು, ತಮ್ಮ ಪ್ರಭುವಿಗೆ ಭುಜದ ತನಕ ಕೂದಲಿತ್ತೆಂದು ತಿಳಿದಿದ್ದರೆ ಆ ಮಾತನ್ನು ಬರೆಯುತ್ತಿದ್ದರೇ?

ಆದಿ ಪಿತೃಗಳಲ್ಲಿ ಈ ಬಗ್ಗೆ ಒಮ್ಮತವಿರಲಿಲ್ಲ. ಯೇಸು ಕುಳ್ಳ, ಕುರೂಪಿ ಎಂದು ಹೀಯಾಳಿಸಿದ ಕೆಲ್ಸಸ್‌ನಿಗೆ ಮೂರನೆಯ ಶತಮಾನದಲ್ಲಿ ಉತ್ತರ ಬರೆದ ಒರಿಜೆನ್, ಯೆಶಾಯನ ದುಃಖಿತ ಸೇವಕನ ವರ್ಣನೆಯನ್ನು ನೆನೆದು ಅರ್ಧ ಒಪ್ಪಿಕೊಂಡೇ ವಾದಿಸಬೇಕಾಯಿತು. ಸಂತ ಅಗಸ್ಟೀನರು ‘ತ್ರಿತ್ವ’ದ ಎಂಟನೆಯ ಭಾಗದಲ್ಲಿ, ಪ್ರಭುವಿನ ಮುಖವನ್ನು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಕಲ್ಪಿಸಿಕೊಳ್ಳುತ್ತಾರೆ, ನಿಜವಾದದ್ದು ಯಾವುದೆಂದು ನಮಗೆ ತಿಳಿಯದು ಎಂದು ಸ್ಪಷ್ಟವಾಗಿ ಒಪ್ಪಿದ್ದಾರೆ. ಸಿರಿಯದ ದೂರಾ ಯೂರೋಪೊಸ್‌ನ ಪ್ರಾರ್ಥನಾ ಮನೆಯ ಗೋಡೆಯ ಮೇಲೆ ಸುಮಾರು 235ರಲ್ಲಿ ಬರೆದ ಯೇಸುವಿಗೆ ಗಡ್ಡವಿಲ್ಲ. ಗಿಡ್ಡ ಕೂದಲು, ಮೊಣಕಾಲಿನ ಉಡುಪು. ನೀಳ ಕೂದಲು, ಗಡ್ಡಗಳ ಗಂಭೀರ ಮುಖ ಬೇರೂರಿದ್ದು ಅನಂತರ, ಗ್ರೀಕ್ ದೇವತೆಗಳ ಮಾದರಿಯನ್ನು ಅನುಸರಿಸಿ. ಪಿಲಾತನ ಕಾಲದ ಅಧಿಕಾರಿಯೊಬ್ಬ ಬರೆದನೆನ್ನಲಾದ ಲೆಂಟುಲಸ್ ಪತ್ರ ಮಧ್ಯಯುಗದ ಸೃಷ್ಟಿ. ಅದನ್ನು ಪ್ರಸಂಗಗಳಲ್ಲಿ ಸಾಕ್ಷ್ಯವೆಂದು ಉಲ್ಲೇಖಿಸುವ ಚಪಲವನ್ನು ಇನ್ನಾದರೂ ಬಿಡಬೇಕು.

ಇತ್ತೀಚಿನ ಅಧ್ಯಯನಗಳಲ್ಲಿ ಎರಡು ಹೆಚ್ಚು ಪ್ರಸಿದ್ಧ. 2001ರಲ್ಲಿ ಬ್ರಿಟನ್ನಿನ ರಿಚರ್ಡ್ ನೀವ್ ಒಂದನೆಯ ಶತಮಾನದ ಯೆಹೂದ್ಯ ಪುರುಷನ ತಲೆಬುರುಡೆಯೊಂದರ ಮೇಲೆ ಮುಖವನ್ನು ಪುನರ್ರಚಿಸಿದರು: ಅಗಲ ಮೂಗು, ಕಪ್ಪು ಗುಂಗುರು ಕೂದಲು, ಕಂದು ಮೈ. ಇದನ್ನು ‘ಯೇಸುವಿನ ನಿಜ ಮುಖ’ವೆಂದು ಹಂಚಿಕೊಳ್ಳುವವರು ಅದು ಯೇಸುವಿನ ಬುರುಡೆಯಲ್ಲ ಎಂಬುದನ್ನು ಮರೆಯುತ್ತಾರೆ. 2018ರಲ್ಲಿ ಗ್ರಂಥ ಪ್ರಕಟಿಸಿದ ಲಂಡನ್ನಿನ ಜೋನ್ ಟೇಲರ್ ಅವರ ವಿಧಾನ ನಮಗೆ ಹೆಚ್ಚು ಒಪ್ಪಿಗೆ. ಅವರು ಮುಖವನ್ನು ಕಟ್ಟಲು ಹೋಗದೆ, ಅಸ್ಥಿ, ಉಡುಪು, ಬರಹಗಳ ಆಧಾರದಿಂದ ಸಂಭವನೀಯತೆಯನ್ನು ಮಾತ್ರ ಹೇಳುತ್ತಾರೆ: ಸುಮಾರು 166 ಸೆಂ.ಮೀ. ಎತ್ತರ, ಕಂದು ಮೈಬಣ್ಣ, ಕಪ್ಪು ಕೂದಲು, ಕಂದು ಕಣ್ಣು. ನಮ್ಮ ಪೊಲೀಸ್ ಠಾಣೆಯ ಬರಹಗಾರನಾದರೆ ‘ಎಣ್ಣೆಗೆಂಪು’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದ.

ಮುಖ ತಿಳಿಯದು ಎಂದಾದರೆ ಯಾವ ಬಣ್ಣವಾದರೇನು ಎಂದು ಕೇಳುವವರಿದ್ದಾರೆ. ಕ್ರಿಸ್ತರು ಎಲ್ಲರಿಗೂ ಸೇರಿದವರು, ಆದುದರಿಂದ ಬಣ್ಣ ಅಪ್ರಸ್ತುತ ಎಂಬ ಈ ಉದಾರವಾದ ಮಾತು ನಮ್ಮ ದೃಷ್ಟಿಯಲ್ಲಿ ಮನುಷ್ಯಾವತಾರದ ವಿಶ್ವಾಸವನ್ನೇ ಸಡಿಲಗೊಳಿಸುತ್ತದೆ. 787ರ ಎರಡನೆಯ ನೈಸೀಯ ಮಹಾಸಭೆಯ ಬಳಿಕ ಪ್ರತಿಮಾವಿವಾದ ಮತ್ತೆ ಎದ್ದಾಗ ಸ್ತುದಿಯೊಸ್ ಮಠದ ಸಂತ ಥಿಯೊಡೋರ್ ವಾದಿಸಿದ್ದು ಇದನ್ನೇ: ಪದವು ಸಾಮಾನ್ಯ ಮಾನವತ್ವವೆಂಬ ಅಮೂರ್ತವನ್ನು ಧರಿಸಲಿಲ್ಲ, ಇಂಥದೇ ಲಕ್ಷಣಗಳುಳ್ಳ ಒಬ್ಬ ಮನುಷ್ಯನಾಯಿತು; ಆದ್ದರಿಂದಲೇ ಅವರನ್ನು ಚಿತ್ರಿಸಬಹುದು. ಬಣ್ಣವೇ ಇಲ್ಲದ ಮೈ ಮೈಯಲ್ಲ. ಅಲ್ಲದೆ ‘ಬಣ್ಣ ಅಪ್ರಸ್ತುತ’ ಎನ್ನುವವರ ಚರ್ಚಿನಲ್ಲಿಯೂ ಪೀಠದ ಮೇಲಿನ ಸ್ವರೂಪಕ್ಕೆ ಒಂದು ಬಣ್ಣ ಇದ್ದೇ ಇರುತ್ತದೆ. ಅದು ಬಿಳಿಯದಾಗಿರುತ್ತದೆ.

ನಮ್ಮ ನೆಲದಲ್ಲಿ ಈ ಪ್ರಶ್ನೆ ಇನ್ನೊಂದು ತಿರುವು ಪಡೆಯುತ್ತದೆ. ಬೇಲೂರಿನ ಚೆನ್ನಕೇಶವನು ಕರಿಶಿಲೆಯವನು. ಕೃಷ್ಣನೆಂಬ ಹೆಸರಿನ ಅರ್ಥವೇ ಕಪ್ಪು. ಕರಿಯ ದೇವರಿಗೆ ಕೈಮುಗಿಯುವುದರಲ್ಲಿ ಕನ್ನಡಿಗರಿಗೆ ಎಂದೂ ಸಂಕೋಚವಾಗಿಲ್ಲ. ಆದರೂ ವಧು ನೋಡುವಾಗ, ಮಗು ಹುಟ್ಟಿದಾಗ, ಕೇಳುವ ಮೊದಲ ಪ್ರಶ್ನೆ ‘ಕೆಂಪಗಿದೆಯಾ?’ ಎಂಬುದು. ಆದ್ದರಿಂದ ಸ್ವರೂಪಕ್ಕೆ ಕಪ್ಪು ಬಳಿದ ಮಾತ್ರಕ್ಕೆ ಏನೋ ಸಾಧಿಸಿದಂತೆ ಎಂದು ನಾವು ಭಾವಿಸಲಾರೆವು. ಇಲ್ಲಿ ಹೀನಾಯವಾಗಿರುವುದು ಬರಿಯ ಕಪ್ಪಲ್ಲ, ಬಿಸಿಲಿನಲ್ಲಿ ದುಡಿದ ಕಪ್ಪು. ಆಲೂಗಡ್ಡೆ ಹೊಲದಲ್ಲಿ ದಿನಗೂಲಿಗೆ ಬಗ್ಗಿದವರ ಮೈ. ಪರಮಗೀತೆಯ ನಾಯಕಿ ತಾನು ಕಪ್ಪಾದ ಕಾರಣವನ್ನು ತಾನೇ ಹೇಳುತ್ತಾಳೆ: ಸಹೋದರರು ಅವಳನ್ನು ದ್ರಾಕ್ಷಿತೋಟದ ಕಾವಲಿಗೆ ಹಾಕಿದರು, ಬಿಸಿಲು ಅವಳನ್ನು ಕಂಡಿತು. ಹೀಬ್ರೂ ಮೂಲದಲ್ಲಿ ಕಪ್ಪು ಮತ್ತು ಚೆಲುವುಗಳ ನಡುವಿನ ಅವ್ಯಯವನ್ನು ‘ಮತ್ತು’ ಎಂದೂ ಓದಬಹುದು. ಗ್ರೀಕ್ ಅನುವಾದ ಹಾಗೆಯೇ ಓದಿತು. ವುಲ್ಗಾತ ‘ಆದರೆ’ ಎಂದಿತು. ಆ ಒಂದು ‘ಆದರೆ’ ಕ್ರೈಸ್ತ ಲೋಕದಲ್ಲಿ ಎಷ್ಟು ದೂರ ನಡೆದುಬಂದಿದೆ! ನಜರೇತಿನ ‘ತೆಕ್ತೋನ್’ ಮರವನ್ನೋ ಕಲ್ಲನ್ನೋ ಕೆತ್ತಿ, ಅನಂತರ ಗಲಿಲೇಯದ ಹಾದಿಗಳನ್ನು ಕಾಲ್ನಡಿಗೆಯಲ್ಲಿ ಸವೆಸಿದವರು. ಅವರ ಬಣ್ಣದಲ್ಲಿ ಹುಟ್ಟಿನಷ್ಟೇ ಬಿಸಿಲಿನ ಪಾಲೂ ಇತ್ತು.

ಈ ಅಳತೆಗೋಲಿನಿಂದ ನೋಡಿದರೆ ನಮ್ಮವರೇ ನಡೆಸಿದ ದೇಶೀಕರಣವೂ ಅರೆಬರೆಯಾಗಿ ಕಾಣುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ, 1967ರಲ್ಲಿ, ಫಾದರ್ ಡಿ. ಎಸ್. ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಎನ್‌ಬಿಸಿಎಲ್‌ಸಿ ಕೇಂದ್ರವು ಯುರೋಪಿನ ಮುಖದಿಂದ ನಮ್ಮನ್ನು ಬಿಡಿಸಲು ಧೈರ್ಯವಾಗಿ ಹೊರಟಿತು. ಆ ದಾರಿಯಲ್ಲಿ ಬಂದ ಯೇಸು ಬಹುಮಟ್ಟಿಗೆ ಪದ್ಮಾಸನದಲ್ಲಿ ಕುಳಿತ, ಕಾವಿ ತೊಟ್ಟ, ಕಣ್ಣು ಮುಚ್ಚಿದ ಗುರು. ಮೈಬಣ್ಣ ಬದಲಾಯಿತು, ಅಂಗೈ ಬದಲಾಗಲಿಲ್ಲ. ಬಟೋನಿಯ ಯೇಸುವಿನಂತೆ ಈ ಯೇಸುವಿನ ಕೈಯಲ್ಲೂ ದಡ್ಡುಗಟ್ಟಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎತ್ತಿದ ಆಕ್ಷೇಪ ಇದೇ ನರವನ್ನು ಮುಟ್ಟಿತ್ತು: ಭಾರತೀಯ ದೈವಶಾಸ್ತ್ರವೆನ್ನುವುದು ಮೇಲುಜಾತಿಗಳ ಅಧ್ಯಾತ್ಮದೊಡನೆ ಮಾತ್ರ ಸಂವಾದ ನಡೆಸಿದೆ, ಸಭೆಯ ಬಹುಪಾಲು ಜನರ ಬದುಕಿನೊಡನೆ ಅಲ್ಲ.

ಇದಕ್ಕೆ ಉತ್ತರ ಕಲೆಯೊಳಗಿಂದಲೇ ಬಂದಿರುವುದು ಸಂತಸದ ಸಂಗತಿ. ಬೆಂಗಳೂರಿನ ಹೊರವಲಯದ ಸಿಲ್ವೇಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಆಶ್ರಮದ ಕಲಾಭಾಷೆಯನ್ನು ಬೆಳೆಸಿದವರಲ್ಲಿ ಪ್ರಮುಖರು. ಅವರೇ ‘ದಲಿತ ಮಡೋನಾ’ ಎಂಬ ಚಿತ್ರವನ್ನೂ ಬರೆದಿದ್ದಾರೆ. ಅದು ಈಗ ಬ್ರಿಟನ್ನಿನ ಮೆಥೋಡಿಸ್ಟ್ ಸಭೆಯ ಸಂಗ್ರಹದಲ್ಲಿದೆ. ಅದಕ್ಕೆ ಪ್ರೇರಣೆ ನಮ್ಮ ಒರಳುಕಲ್ಲು: ಕದಲದ ತಾಯಿಕಲ್ಲು, ಅದರ ಮಡಿಲಲ್ಲಿ ತಿರುಗುವ ಗುಂಡುಕಲ್ಲು ಮಗು. ನಾಮಕರಣದ ದಿನ ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕುವ ಪದ್ಧತಿಯನ್ನು ಕಂಡವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಕಪ್ಪು ಅಲಂಕಾರವಲ್ಲ, ದುಡಿಮೆಯ ಮೈ. ನಮಗೆ ಪರಿಚಿತವಾದ ಭಾರತೀಯ ಕ್ರೈಸ್ತ ಚಿತ್ರಗಳಲ್ಲಿ ದೈವಶಾಸ್ತ್ರದ ದೃಷ್ಟಿಯಿಂದ ಇದು ಹೆಚ್ಚು ಗಟ್ಟಿಯಾದದ್ದು.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಕಲ್ಲಿನ ಸಂಕೇತದಲ್ಲಿ ಯೆಹೂದ್ಯ ಬಾಲಕ ಕರಗಿಹೋಗುವ ಸಾಧ್ಯತೆ ಇದೆ. ಯೇಸುವನ್ನು ಯೆಹೂದ್ಯತ್ವದಿಂದ ಬಿಡಿಸಿ ತಮ್ಮವರನ್ನಾಗಿ ಮಾಡಿಕೊಂಡವರು ಎಲ್ಲಿ ಮುಟ್ಟಿದರೆಂಬುದಕ್ಕೆ 1939ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ತೆರೆದ ಸಂಸ್ಥೆಯೇ ಸಾಕ್ಷಿ. ‘ಆರ್ಯ ಯೇಸು’ವನ್ನು ಅಲ್ಲಿ ದೈವಶಾಸ್ತ್ರಜ್ಞರೇ ರೂಪಿಸಿದರು. ನಮ್ಮ ಯೇಸು ಕಪ್ಪಾಗಿರಬೇಕು ಎಂಬ ವಾದಕ್ಕೆ ನಮ್ಮ ಮೈಬಣ್ಣವೊಂದೇ ಆಧಾರವಾದರೆ ಅದೂ ಅದೇ ಜಾತಿಯ ವಾದವಾಗುತ್ತದೆ. ಗಲಿಲೇಯದ ಆ ಯೆಹೂದ್ಯ ಕೆಲಸಗಾರ ಇದ್ದದ್ದೇ ಹಾಗೆ, ಎಂಬುದು ಸರಿಯಾದ ಆಧಾರ. ನಮ್ಮ ಹೊಲಗಳಲ್ಲಿ ದುಡಿಯುವವರಿಗೆ ಅವರು ಹೋಲುತ್ತಾರೆ ಎಂಬುದು ಅದರಿಂದ ಹುಟ್ಟುವ ಸಮಾಧಾನ.

ಪವಿತ್ರ ಶುಕ್ರವಾರದ ಪಾಡಿನ ರೂಪಕಗಳಲ್ಲಿ ಯೇಸುವಿನ ಪಾತ್ರಕ್ಕೆ ಊರಿನ ಅತ್ಯಂತ ಬೆಳ್ಳಗಿನ ಯುವಕನನ್ನೂ ಯೂದನ ಪಾತ್ರಕ್ಕೆ ಅತ್ಯಂತ ಕಪ್ಪಗಿನವನನ್ನೂ ಆರಿಸುವುದನ್ನು ನಾವು ಒಂದಲ್ಲ, ಹಲವು ಧರ್ಮಕೇಂದ್ರಗಳಲ್ಲಿ ನೋಡಿದ್ದೇವೆ. ಬೆಳ್ಳಗಿನವನು ಸಿಗದಿದ್ದರೆ ಪೌಡರ್ ಇದೆ. ಧರ್ಮೋಪದೇಶದ ತರಗತಿಯಲ್ಲಿ ಯೇಸುವಿನ ಚಿತ್ರಕ್ಕೆ ಬಣ್ಣ ತುಂಬುವ ಮಕ್ಕಳು ಪೆಟ್ಟಿಗೆಯಿಂದ ನಸುಗುಲಾಬಿ ಕಡ್ಡಿಯನ್ನು ತೆಗೆಯುತ್ತಾರೆ. ಅದಕ್ಕೆ ಅವರು ಹೇಳುವ ಹೆಸರು ‘ಸ್ಕಿನ್ ಕಲರ್’. ಗುರುಮಠದಿಂದ ಧರ್ಮಕೇಂದ್ರಗಳಿಗೆ ಹೊರಡಲಿರುವ ನಮ್ಮ ವಿದ್ಯಾರ್ಥಿಗಳು ಪೀಠದ ಸ್ವರೂಪವನ್ನು ಬದಲಿಸುವ ಜಗಳಕ್ಕೆ ಇಳಿಯಬೇಕಾಗಿಲ್ಲ; ಹಳೆಯ ಪಟದ ಮುಂದಿನ ದೀಪ ಉರಿಯಲಿ. ಮುಂದಿನ ತಪಸ್ಸುಕಾಲದಲ್ಲಿ ರೂಪಕಕ್ಕೆ ಪಾತ್ರ ಹಂಚುವಾಗ, ಆ ಕಡ್ಡಿಯ ಪಕ್ಕದಲ್ಲೇ ಇರುವ ಕಂದು ಕಡ್ಡಿಯನ್ನು ಮಗುವಿನ ಕೈಗೆ ಕೊಡುವಾಗ, ಏಕೆಂದು ಕೇಳಿದವರಿಗೆ ಲೂಕ, ಯೊವಾನ್ನರನ್ನು ತೆರೆದು ಉತ್ತರಿಸುವಷ್ಟು ಸಿದ್ಧತೆ ಅವರಲ್ಲಿರಲಿ.